ವಿನ್ಯಾಸ ಸ್ಪರ್ಧೆಯ ವಿಧಿವಿಧಾನ: ವಾಷಿಂಗ್ಟನ್ ಸ್ಮಾರಕದ ಒಂದು ಅಧ್ಯಯನ

ಒಂದು ಸಮುದಾಯವು ತನ್ನ ಹೆಸರಿನಲ್ಲಿ ನಿಲ್ಲಬೇಕಾದ ವಸ್ತುವೊಂದನ್ನು, ಅದು ಶಾಲೆಯ ಲಾಂಛನವಾಗಿರಲಿ, ಸಭಾಭವನವಾಗಿರಲಿ, ಊರಿನ ಮಹಾದ್ವಾರವಾಗಿರಲಿ, ಮಾಡಿಸಲು ಹೊರಟಾಗ ಅದರ ಮುಂದೆ ಎರಡು ಹಾದಿಗಳಿರುತ್ತವೆ. ಬಲ್ಲವರೊಬ್ಬರನ್ನು ಗೊತ್ತುಮಾಡಿ ಕೆಲಸವನ್ನು ಅವರಿಗೆ ಒಪ್ಪಿಸಿಬಿಡುವುದು ಒಂದು. ಯಾರು ಬೇಕಾದರೂ ನಮೂನೆಗಳನ್ನು ಕಳುಹಿಸಬಹುದೆಂದು ಸಾರಿ, ಬಂದವುಗಳಲ್ಲಿ ಉತ್ತಮವಾದುದನ್ನು ಆರಿಸಿಕೊಳ್ಳುವುದು ಮತ್ತೊಂದು. ಮೊದಲನೆಯದು ಸುಲಭವಾದ ಹಾದಿ, ಎರಡನೆಯದು ಉದಾರವಾದುದು. ಎಲ್ಲಿಯೋ ಮೂಲೆಯಲ್ಲಿರುವ, ಯಾರಿಗೂ ಪರಿಚಯವಿಲ್ಲದ ಪ್ರತಿಭೆಯೊಂದು ಬೆಳಕಿಗೆ ಬರುವ ಸಾಧ್ಯತೆ ಎರಡನೆಯ ಹಾದಿಯಲ್ಲಿ ಮಾತ್ರ ಉಂಟು. ಆದರೆ ಇದೇ ಹಾದಿಯಲ್ಲಿ ಮನಸ್ತಾಪಗಳೂ ಹೆಚ್ಚು. ನಿಯಮಗಳನ್ನು ಅರೆಮನಸ್ಸಿನಿಂದ ಬರೆದು, ತೀರ್ಪುಗಾರರನ್ನು ಕೊನೆಯ ಗಳಿಗೆಯಲ್ಲಿ ಹುಡುಕಿ, ಫಲಿತಾಂಶವನ್ನು ಒಂದು ಸಾಲಿನಲ್ಲಿ ಪ್ರಕಟಿಸಿ ಕೈತೊಳೆದುಕೊಳ್ಳುವ ಸ್ಪರ್ಧೆಗಳು ನಮ್ಮ ನಾಡಿನಲ್ಲಿ ಅಪರೂಪವೇನಲ್ಲ. ಅಂತಹ ಸ್ಪರ್ಧೆಯಲ್ಲಿ ಸೋತವನಿಗೆ ತಾನು ಏಕೆ ಸೋತೆನೆಂಬುದು ತಿಳಿಯುವುದಿಲ್ಲ. ಗೆದ್ದವನ ಮೇಲೂ ಸಂಶಯದ ನೆರಳು ಬೀಳುತ್ತದೆ.

ಸಾರ್ವಜನಿಕ ವಿನ್ಯಾಸ ಸ್ಪರ್ಧೆಯನ್ನು ಹೇಗೆ ನಡೆಸಬೇಕು, ಹಾಗೆ ನಡೆಸಿದಾಗಲೂ ಯಾವ ಯಾವ ವಿಪತ್ತುಗಳು ಎದುರಾಗುತ್ತವೆ ಎಂಬುದನ್ನು ಅರಿಯಲು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿರುವ ವಿಯಟ್ನಾಂ ಯೋಧರ ಸ್ಮಾರಕದ ಇತಿಹಾಸಕ್ಕಿಂತ ಉತ್ತಮವಾದ ಪಾಠ ದೊರೆಯುವುದು ಕಷ್ಟ. ಆ ಸ್ಪರ್ಧೆಯನ್ನು ನಡೆಸಿದವರು ಸರ್ಕಾರದವರಲ್ಲ, ಶ್ರೀಮಂತ ಸಂಸ್ಥೆಯವರೂ ಅಲ್ಲ. ಯುದ್ಧದಿಂದ ಮರಳಿದ ಕೆಲವರು ಸಾಮಾನ್ಯ ಯೋಧರೇ ಕೂಡಿ ಅದನ್ನು ನಡೆಸಿದರು.

1969ರಲ್ಲಿ ವಿಯಟ್ನಾಮಿನಲ್ಲಿ ಗಾಯಗೊಂಡು ಬಂದಿದ್ದ ಜಾನ್ ಸ್ಕ್ರಗ್ಸ್ ಎಂಬುವರಿಗೆ, 1979ರ ಮಾರ್ಚ್ ತಿಂಗಳಲ್ಲಿ ಯುದ್ಧವನ್ನು ಕುರಿತ ಚಲನಚಿತ್ರವೊಂದನ್ನು ನೋಡಿದ ರಾತ್ರಿ, ಮಡಿದವರೆಲ್ಲರ ಹೆಸರುಗಳನ್ನು ಹೊತ್ತ ಒಂದು ಸ್ಮಾರಕ ಬೇಕೆಂಬ ಆಲೋಚನೆ ಮೂಡಿತು. ತಮ್ಮ ಸ್ವಂತದ 2,800 ಡಾಲರುಗಳನ್ನು ಮುಡಿಪಾಗಿಟ್ಟು, ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಅವರು ಒಂದು ನಿಧಿಯನ್ನು ಸ್ಥಾಪಿಸಿದರು. ಮೊದಲ ಕೆಲವು ವಾರಗಳಲ್ಲಿ ಸಾರ್ವಜನಿಕರಿಂದ ಬಂದ ಒಟ್ಟು ವಂತಿಗೆ 144 ಡಾಲರು 50 ಸೆಂಟು. ದೂರದರ್ಶನದ ಹಾಸ್ಯಗಾರರು ಇದನ್ನು ಲೇವಡಿ ಮಾಡಿದರಂತೆ. ಆದರೆ ಕೊನೆಗೆ ಸುಮಾರು 84 ಲಕ್ಷ ಡಾಲರುಗಳು ಕೂಡಿದವು. ಅದರಲ್ಲಿ ಸರ್ಕಾರದ ಹಣ ಸೇರಿರಲಿಲ್ಲ. ಲಕ್ಷಾಂತರ ಜನರು ಸಣ್ಣ ಸಣ್ಣ ಮೊತ್ತಗಳನ್ನು ಕಳುಹಿಸಿದ್ದರು. 1980ರ ಜುಲೈ 1ರಂದು ಅಧ್ಯಕ್ಷ ಕಾರ್ಟರ್ ಅವರು ಸಹಿ ಮಾಡಿದ ಕಾನೂನಿನಿಂದ ಲಿಂಕನ್ ಸ್ಮಾರಕದ ಸಮೀಪದಲ್ಲಿ ಎರಡು ಎಕರೆ ನೆಲವೂ ದೊರೆಯಿತು.

ಹಣ ಮತ್ತು ನೆಲ ಎರಡೂ ಒದಗುವ ಸೂಚನೆ ಕಂಡ ಮೇಲೆ ನಿಧಿಯವರು ಒಂದು ವಿವೇಕದ ಕೆಲಸ ಮಾಡಿದರು. ತಮಗೆ ಸ್ಪರ್ಧೆ ನಡೆಸುವ ವಿದ್ಯೆ ತಿಳಿಯದೆಂಬುದನ್ನು ಒಪ್ಪಿಕೊಂಡು, ಅದನ್ನು ಬಲ್ಲ ಪಾಲ್ ಸ್ಪ್ರೈರೇಗನ್ ಎಂಬ ವಾಸ್ತುಶಿಲ್ಪಿಯನ್ನು ಸಲಹೆಗಾರರನ್ನಾಗಿ ನೇಮಿಸಿಕೊಂಡರು. ವಿನ್ಯಾಸ ಸ್ಪರ್ಧೆಗಳನ್ನು ಕುರಿತು ಗ್ರಂಥವನ್ನೇ ರಚಿಸಿದ್ದ ಅವರು ಸ್ಪರ್ಧಾಳುವೂ ಅಲ್ಲ, ತೀರ್ಪುಗಾರರೂ ಅಲ್ಲ. ನಿಯಮಗಳನ್ನು ರೂಪಿಸುವುದು, ಪ್ರಶ್ನೆಗಳಿಗೆ ಉತ್ತರಿಸುವುದು, ಬಂದ ನಮೂನೆಗಳನ್ನು ಕಾಪಾಡುವುದು, ತೀರ್ಪು ಕ್ರಮಬದ್ಧವಾಗಿ ನಡೆಯುವಂತೆ ನೋಡಿಕೊಳ್ಳುವುದು ಅವರ ಕೆಲಸ. ಹಬ್ಬದ ಅಡುಗೆಯಲ್ಲಿ ಉಗ್ರಾಣದ ಬೀಗದ ಕೈಯನ್ನು ಹಿಡಿದವರ ಸ್ಥಾನವೆಂದರೆ ಸಲ್ಲುತ್ತದೆ. ಅವರು ಊಟಕ್ಕೆ ಕೂಡುವುದಿಲ್ಲ, ಆದರೆ ಅವರಿಲ್ಲದೆ ಪಂಕ್ತಿ ಸಾಗದು.

1980ರ ಶರತ್ಕಾಲದಲ್ಲಿ ಹೊರಟ ಪ್ರಕಟಣೆಯಲ್ಲಿ ನಾಲ್ಕೇ ನಾಲ್ಕು ಮುಖ್ಯ ನಿಬಂಧನೆಗಳಿದ್ದವು. ಸ್ಮಾರಕವು ಚಿಂತನೆಗೆ ಎಡೆಗೊಡುವಂತಹುದಾಗಿರಬೇಕು. ಸುತ್ತಣ ನೆಲ ಹಾಗೂ ಕಟ್ಟಡಗಳೊಡನೆ ಹೊಂದಿಕೊಳ್ಳಬೇಕು. ಯುದ್ಧದಲ್ಲಿ ಮಡಿದವರ ಮತ್ತು ಕಾಣೆಯಾದವರ ಹೆಸರುಗಳೆಲ್ಲವನ್ನೂ ಒಳಗೊಂಡಿರಬೇಕು. ಯುದ್ಧವು ಸರಿಯೋ ತಪ್ಪೋ ಎಂಬ ರಾಜಕೀಯ ಅಭಿಪ್ರಾಯವನ್ನು ಸೂಚಿಸಕೂಡದು. ಈ ನಾಲ್ಕನ್ನು ಮತ್ತೊಮ್ಮೆ ಓದಿದರೆ ಅವುಗಳ ಜಾಣ್ಮೆ ಮನದಟ್ಟಾಗುತ್ತದೆ. ಸ್ಮಾರಕವು ಕಂಬವೋ, ಗೋಪುರವೋ, ಪ್ರತಿಮೆಯೋ ಎಂಬ ಮಾತೇ ಅಲ್ಲಿಲ್ಲ. ಬಣ್ಣ, ಕಲ್ಲು, ಎತ್ತರಗಳ ಪ್ರಸ್ತಾಪವಿಲ್ಲ. ಏನಾಗಬೇಕೆಂಬುದನ್ನು ಖಚಿತವಾಗಿ ಹೇಳಿ, ಹೇಗಾಗಬೇಕೆಂಬುದನ್ನು ಸ್ಪರ್ಧಾಳುವಿಗೇ ಬಿಟ್ಟಿದ್ದರು. ಸಾಮಾನ್ಯವಾಗಿ ಸಮಿತಿಗಳು ಮಾಡುವುದು ಇದಕ್ಕೆ ವ್ಯತಿರಿಕ್ತವಾಗಿ: ಲಾಂಛನದಲ್ಲಿ ದೀಪ ಬೇಕು, ಪುಸ್ತಕ ಬೇಕು, ಕಮಲ ಬೇಕು, ಸೂರ್ಯನೂ ಇರಲಿ ಎಂದು ಪಟ್ಟಿ ಕೊಟ್ಟು, ಅದರಿಂದ ಸಾಧಿಸಬೇಕಾದುದೇನೆಂಬುದನ್ನು ಹೇಳದೆ ಬಿಡುತ್ತಾರೆ. ಆಗ ಬರುವ ನಮೂನೆಗಳೆಲ್ಲ ಒಂದೇ ತೆರನಾಗಿರುವುದರಲ್ಲಿ ಆಶ್ಚರ್ಯವೇನು?

ಸ್ಪರ್ಧೆಗೆ ಹದಿನೆಂಟು ವರ್ಷ ತುಂಬಿದ ಯಾವ ಅಮೆರಿಕನ್ ಪ್ರಜೆಯಾದರೂ ಸೇರಬಹುದಿತ್ತು. ವಾಸ್ತುಶಿಲ್ಪದ ಪದವಿ ಇರಬೇಕೆಂಬ ಕಟ್ಟಳೆ ಇರಲಿಲ್ಲ. ಮೊದಲ ಬಹುಮಾನ 20,000 ಡಾಲರು, ಎರಡನೆಯದು 10,000, ಮೂರನೆಯದು 5,000. ಇವಲ್ಲದೆ ಮೆಚ್ಚುಗೆ ಪಡೆದ ಹದಿನೈದು ವಿನ್ಯಾಸಗಳಿಗೆ ತಲಾ ಒಂದು ಸಾವಿರ. ಎರಡೂವರೆ ಸಾವಿರಕ್ಕೂ ಮೀರಿ ಹೆಸರು ನೋಂದಾಯಿಸಿದರು. 1981ರ ಮಾರ್ಚ್ 31ರ ಗಡುವಿನೊಳಗೆ ಬಂದು ಸೇರಿದ ವಿನ್ಯಾಸಗಳು 1,421.

ತೀರ್ಪುಗಾರರು ಯಾರಾಗಬೇಕೆಂಬ ಪ್ರಶ್ನೆ ನಿಧಿಯವರನ್ನು ಬಹಳವಾಗಿ ಕಾಡಿತು. ಸ್ಮಾರಕ ಯೋಧರದು, ಹಣ ತಂದವರು ಯೋಧರು, ಮಡಿದವರು ಅವರ ಒಡನಾಡಿಗಳು. ಹಾಗಿರುವಾಗ ಯೋಧರೇ, ಇಲ್ಲವೆ ಮಗನನ್ನು ಕಳೆದುಕೊಂಡ ತಾಯಂದಿರೇ ತೀರ್ಪುಗಾರರಾಗಬೇಡವೇ? ಈ ವಾದಕ್ಕೆ ತೂಕವಿತ್ತು. ಆದರೂ ಕಾಗದದ ಮೇಲಿನ ಗೆರೆಗಳನ್ನು ನೋಡಿ ನೆಲದ ಮೇಲೆ ಅದು ಹೇಗೆ ನಿಂತೀತೆಂದು ಕಲ್ಪಿಸಿಕೊಳ್ಳುವ ಶಕ್ತಿ ಅಭ್ಯಾಸದಿಂದ ಬರುವಂತಹುದೆಂದು ಮನಗಂಡು, ಅವರು ಎಂಟು ಮಂದಿ ಅನುಭವಿಗಳನ್ನು ಆರಿಸಿದರು. ಪಿಯೆತ್ರೊ ಬೆಲುಸ್ಕಿ, ಹ್ಯಾರಿ ವೀಸ್ ಎಂಬ ವಾಸ್ತುಶಿಲ್ಪಿಗಳು, ಹಿಡಿಯೊ ಸಸಾಕಿ, ಗ್ಯಾರೆಟ್ ಎಕ್ಬೊ ಎಂಬ ಉದ್ಯಾನವಿನ್ಯಾಸಕರು, ರಿಚರ್ಡ್ ಹಂಟ್, ಕೊಸ್ತಾಂತಿನೊ ನಿವೊಲ, ಜೇಮ್ಸ್ ರೊಸಾಟಿ ಎಂಬ ಶಿಲ್ಪಿಗಳು, ಮತ್ತು ಪತ್ರಿಕಾ ಸಂಪಾದಕರಾದ ಗ್ರೇಡಿ ಕ್ಲೇ. ಈ ನಿರ್ಣಯವೇ ಮುಂದೆ ಜಗಳಕ್ಕೆ ಒಂದು ಕಾರಣವೂ ಆಯಿತು. ತೀರ್ಪುಗಾರರಲ್ಲಿ ವಿಯಟ್ನಾಮಿನಲ್ಲಿ ಹೋರಾಡಿದವರು ಒಬ್ಬರೂ ಇಲ್ಲವೆಂಬ ಆಕ್ಷೇಪವನ್ನು ವಿರೋಧಿಗಳು ಮತ್ತೆ ಮತ್ತೆ ಎತ್ತಿದರು. ಎಂಟರಲ್ಲಿ ಒಂದೆರಡು ಸ್ಥಾನಗಳನ್ನು ಯೋಧರಿಗೆ ಮೀಸಲಿಟ್ಟಿದ್ದರೆ ತೀರ್ಪು ಬದಲಾಗುತ್ತಿರಲಿಲ್ಲವೋ ಏನೋ, ಆದರೆ ಆಕ್ಷೇಪದ ಮೊನೆ ಮುರಿಯುತ್ತಿತ್ತು.

ಬಂದ ವಿನ್ಯಾಸಗಳಲ್ಲಿ ಯಾವುದರ ಮೇಲೂ ಹೆಸರಿರಲಿಲ್ಲ. ಕಳುಹಿಸಿದವರ ಹೆಸರನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ಫಲಕಕ್ಕೆ ಒಂದು ಕ್ರಮಸಂಖ್ಯೆಯನ್ನು ಮಾತ್ರ ಕೊಡಲಾಗಿತ್ತು. ಅಷ್ಟೂ ಫಲಕಗಳನ್ನು ಹರಡಿ ನಿಲ್ಲಿಸಲು ಯಾವ ಸಭಾಂಗಣವೂ ಸಾಲದೆ, ರಾಜಧಾನಿಯ ಸಮೀಪದ ಆಂಡ್ರ್ಯೂಸ್ ವಾಯುನೆಲೆಯಲ್ಲಿ ವಿಮಾನಗಳನ್ನು ನಿಲ್ಲಿಸುವ ಬೃಹತ್ ಷೆಡ್ಡೊಂದನ್ನು ಬಳಸಿಕೊಳ್ಳಬೇಕಾಯಿತು. ಏಪ್ರಿಲ್ ಕೊನೆಯ ವಾರದಲ್ಲಿ ತೀರ್ಪುಗಾರರು ಸಾಲು ಸಾಲಾಗಿ ನಡೆದು ಅವುಗಳನ್ನು ಪರಿಶೀಲಿಸಿದರು. 1,421 ಇದ್ದುದು ಮೊದಲು 232ಕ್ಕೆ ಇಳಿಯಿತು, ಅನಂತರ 39ಕ್ಕೆ. ಕೊನೆಗೆ ಎಂಟು ಮಂದಿಯೂ ಒಮ್ಮತದಿಂದ ಒಪ್ಪಿದ್ದು 1026ನೆಯ ಸಂಖ್ಯೆಯನ್ನು.

ಆ ಫಲಕ ನೋಡುವುದಕ್ಕೆ ಅತಿ ಸಾಮಾನ್ಯವಾಗಿತ್ತು. ಮೃದುವಾದ ಬಣ್ಣದ ಸೀಮೆಸುಣ್ಣದಿಂದ ಬಿಡಿಸಿದ ಮಸುಕು ಚಿತ್ರ. ಹಸುರು ನೆಲದಲ್ಲಿ ಕಪ್ಪಾದ ಒಂದು ಕೋನ. ಜೊತೆಗೆ ಕೈಬರಹದ ಒಂದು ವಿವರಣೆ. ನೆಲವನ್ನು ಸೀಳಿದಂತೆ ಎರಡು ಗೋಡೆಗಳು ಒಳಗಿಳಿದು ಒಂದು ಬಿಂದುವಿನಲ್ಲಿ ಕೂಡುವವು. ಒಂದು ಗೋಡೆಯ ತುದಿ ವಾಷಿಂಗ್ಟನ್ ಸ್ತಂಭದತ್ತ, ಇನ್ನೊಂದರದು ಲಿಂಕನ್ ಸ್ಮಾರಕದತ್ತ ಚಾಚಿರುವುದು. ಗೋಡೆಯ ಮೇಲೆ ಹೆಸರುಗಳ ವಿನಾ ಬೇರೇನೂ ಇಲ್ಲ. ಈ ಲಿಖಿತ ವಿವರಣೆ ಇಲ್ಲದೆ ಹೋಗಿದ್ದರೆ ಆ ಚಿತ್ರವು ಮೊದಲ ಸುತ್ತಿನಲ್ಲಿಯೇ ಬಿದ್ದುಹೋಗುತ್ತಿತ್ತೆಂದು ಊಹಿಸಿದರೆ ತಪ್ಪಾಗದು. ಚಿತ್ರದ ಜೊತೆಗೆ ಒಂದು ಪುಟದ ಬರಹವನ್ನು ಕಡ್ಡಾಯವಾಗಿ ಕೇಳುವುದು ಯಾವ ಸ್ಪರ್ಧೆಗಾದರೂ ಒಳ್ಳೆಯದು. ಕೈ ಪಳಗಿದವನ ಅಂದದ ಚಿತ್ರಕ್ಕೂ ಆಲೋಚನೆಯುಳ್ಳವನ ಒರಟು ಚಿತ್ರಕ್ಕೂ ಇರುವ ಅಂತರ ಆಗ ಕಾಣುತ್ತದೆ.

ಲಕೋಟೆ ಒಡೆದು ನೋಡಿದಾಗ ಸಿಕ್ಕಿದ ಹೆಸರು ಮಾಯಾ ಯಿಂಗ್ ಲಿನ್. ವಯಸ್ಸು ಇಪ್ಪತ್ತೊಂದು. ಚೀನಾದಿಂದ ವಲಸೆ ಬಂದ ದಂಪತಿಗಳ ಮಗಳು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಇನ್ನೂ ಪದವಿ ತರಗತಿಯ ವಿದ್ಯಾರ್ಥಿನಿ. ಸ್ಮಾರಕಗಳ ವಾಸ್ತುವನ್ನು ಕುರಿತ ಪಾಠವೊಂದರ ಅಭ್ಯಾಸಕ್ಕಾಗಿ ಅವರು ಆ ವಿನ್ಯಾಸವನ್ನು ರಚಿಸಿದ್ದರು. ತರಗತಿಯಲ್ಲಿ ಅದಕ್ಕೆ ದೊರೆತದ್ದು ‘ಬಿ’ ಶ್ರೇಣಿ. ಪಾಠ ಹೇಳಿದ ಅಧ್ಯಾಪಕರೂ ಅದೇ ಸ್ಪರ್ಧೆಗೆ ವಿನ್ಯಾಸ ಕಳುಹಿಸಿ ಸೋತರೆಂಬುದು ಪ್ರಸಿದ್ಧವಾದ ಸಂಗತಿ. ಅಧ್ಯಾಪಕರಾದವರು ಇದನ್ನು ಓದಿ ನಕ್ಕರೂ ಸರಿ, ನಿಟ್ಟುಸಿರಿಟ್ಟರೂ ಸರಿ. ಹೆಸರನ್ನು ಮರೆಮಾಡುವ ನಿಯಮ ಇರದಿದ್ದಲ್ಲಿ ತಾವು ಆಯ್ಕೆಯಾಗುತ್ತಿದ್ದೆವೇ ಎಂಬ ಪ್ರಶ್ನೆಯನ್ನು ಲಿನ್ ಅವರೇ ಮುಂದೆ ಕೇಳಿಕೊಂಡಿದ್ದಾರೆ.

1981ರ ಮೇ 6ರಂದು ಫಲಿತಾಂಶ ಹೊರಬಿದ್ದಿತು. ಮೊದಲಿಗೆ ಮೆಚ್ಚುಗೆಯ ಮಾತುಗಳು ಕೇಳಿಬಂದರೂ ಶರತ್ಕಾಲದ ಹೊತ್ತಿಗೆ ಗಾಳಿ ತಿರುಗಿತು. ಇತರ ಸ್ಮಾರಕಗಳೆಲ್ಲ ಬಿಳಿಯ ಕಲ್ಲಿನವು, ಇದೊಂದು ಕಪ್ಪು. ಅವೆಲ್ಲ ಆಕಾಶಕ್ಕೆ ಏರಿದರೆ ಇದು ನೆಲಕ್ಕೆ ಇಳಿಯುತ್ತದೆ. ಇದರಲ್ಲಿ ವೀರರ ಪ್ರತಿಮೆಯಿಲ್ಲ, ಧ್ವಜವಿಲ್ಲ. ಇದು ಗೌರವವಲ್ಲ, ಅವಮಾನ ಎಂದು ಯೋಧರಲ್ಲಿಯೇ ಒಂದು ಪಕ್ಷ ಸಿಡಿದೆದ್ದಿತು. ಹಾಗೆ ಬಹಿರಂಗವಾಗಿ ಸಾಕ್ಷ್ಯ ನುಡಿದವರಲ್ಲಿ ಒಬ್ಬರು ಸ್ವತಃ ಸ್ಪರ್ಧೆಗೆ ವಿನ್ಯಾಸ ಕಳುಹಿಸಿದ್ದವರು. ಸ್ಪರ್ಧೆಯ ಖರ್ಚಿಗೆಂದು 1,60,000 ಡಾಲರುಗಳನ್ನು ನೀಡಿದ್ದ ಟೆಕ್ಸಾಸಿನ ಉದ್ಯಮಿ ರಾಸ್ ಪೆರೋ ಅವರೂ ವಿರೋಧಿಗಳ ಸಾಲಿಗೆ ಸೇರಿದರು. ದಾನಿಯು ನಿಯಮಗಳನ್ನು ಅರಿತು ಹಣ ಕೊಟ್ಟಿದ್ದಾನೆ. ನಿಯಮದಂತೆಯೇ ತೀರ್ಪು ನಡೆದಿದೆ. ಆದರೆ ತೀರ್ಪು ಆತನ ಮನಸ್ಸಿಗೆ ಬಂದಿಲ್ಲ. ಇಂತಹ ಸಂದರ್ಭದಲ್ಲಿ ಸಮಿತಿಯು ಏನು ಮಾಡಬೇಕು? ನಿಧಿಯವರು ವಿನ್ಯಾಸವನ್ನು ಕೈಬಿಡಲಿಲ್ಲ. ದಾನಿಯ ಉಪಕಾರವನ್ನು ಅಲ್ಲಗಳೆಯದೆಯೂ ತೀರ್ಪಿಗೆ ಅಂಟಿಕೊಳ್ಳುವುದು ಸಾಧ್ಯವೆಂಬುದನ್ನು ಅವರು ಆ ಚಳಿಗಾಲದಲ್ಲಿ ತೋರಿಸಿದರು. ಅದು ಸುಲಭವಾಗಿತ್ತೆಂದು ಮಾತ್ರ ಯಾರೂ ಭಾವಿಸಬಾರದು.

ಆಂತರಿಕ ಖಾತೆಯ ಸಚಿವ ಜೇಮ್ಸ್ ವಾಟ್ ಅವರು ಕಟ್ಟಡದ ಪರವಾನಗಿಯನ್ನು ತಡೆಹಿಡಿದರು. 1982ರ ಜನವರಿಯಲ್ಲಿ ಎರಡೂ ಪಕ್ಷದವರು ಕುಳಿತು ಒಂದು ರಾಜಿಗೆ ಬಂದರು: ಗೋಡೆಯನ್ನು ಹಾಗೆಯೇ ಕಟ್ಟುವುದು, ಜೊತೆಗೆ ಯೋಧರ ಪ್ರತಿಮೆಯೊಂದನ್ನೂ ಧ್ವಜಸ್ತಂಭವನ್ನೂ ಸೇರಿಸುವುದು. ಪ್ರತಿಮೆಯನ್ನು ರಚಿಸಲು ನೇಮಕವಾದ ಫ್ರೆಡರಿಕ್ ಹಾರ್ಟ್ ಅವರು ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆದ ತಂಡದ ಶಿಲ್ಪಿಯಾಗಿದ್ದರು. ಈ ಸೇರ್ಪಡೆಯ ವಿಷಯದಲ್ಲಿ ತಮ್ಮನ್ನು ಕೇಳಲಿಲ್ಲವೆಂದು ಲಿನ್ ಅವರು ನೊಂದುಕೊಂಡರು. ಅವರ ನೋವು ನ್ಯಾಯವಾದುದೇ. ಗೆದ್ದ ವಿನ್ಯಾಸವನ್ನು ಅನಂತರ ಎಷ್ಟರಮಟ್ಟಿಗೆ ಬದಲಾಯಿಸಬಹುದು, ಬದಲಾಯಿಸುವಾಗ ವಿನ್ಯಾಸಕಾರರ ಒಪ್ಪಿಗೆ ಬೇಕೇ ಬೇಡವೇ ಎಂಬುದನ್ನು ಮೊದಲ ಪ್ರಕಟಣೆಯಲ್ಲಿಯೇ ಸ್ಪಷ್ಟಪಡಿಸದಿದ್ದರೆ ಹೀಗಾಗುತ್ತದೆ. ಅಂತೂ ಪ್ರತಿಮೆಯನ್ನು ಗೋಡೆಗಳು ಕೂಡುವ ಬಿಂದುವಿನಲ್ಲಿ ನಿಲ್ಲಿಸದೆ ದೂರದಲ್ಲಿ, ಪ್ರವೇಶದ ಬಳಿಯ ಮರಗಳ ನಡುವೆ ನಿಲ್ಲಿಸಲು ಲಲಿತಕಲಾ ಆಯೋಗವು ತೀರ್ಮಾನಿಸಿತು. ಮೂವರು ಯೋಧರ ಆ ಕಂಚಿನ ಶಿಲ್ಪ 1984ರಲ್ಲಿ ಅನಾವರಣಗೊಂಡಿತು.

ಹೆಸರುಗಳ ಕ್ರಮದ ಬಗೆಗೂ ಚರ್ಚೆ ನಡೆಯಿತು. ಅಕಾರಾದಿಯಾಗಿ ಬರೆದರೆ ಹುಡುಕುವುದು ಸುಲಭವೆಂದು ಹಲವರು ಹೇಳಿದರು. ಮಡಿದ ದಿನಾಂಕದ ಕ್ರಮದಲ್ಲಿಯೇ ಬರೆಯಬೇಕೆಂಬುದು ಲಿನ್ ಅವರ ಹಟ. ಪಟ್ಟಿಯನ್ನು ತರಿಸಿ ನೋಡಿದಾಗ ಸ್ಮಿತ್ ಎಂಬ ಕುಲನಾಮದವರೇ ನೂರಾರು ಮಂದಿ ಇದ್ದರು. ಅಕಾರಾದಿಯಲ್ಲಿ ಬರೆದಿದ್ದರೆ ಗೋಡೆಯು ದೂರವಾಣಿ ಕೈಪಿಡಿಯಂತೆ ಕಾಣುತ್ತಿತ್ತು. ದಿನಾಂಕದ ಕ್ರಮದಲ್ಲಾದರೆ ಒಂದೇ ದಿನ, ಒಂದೇ ಕದನದಲ್ಲಿ ಬಿದ್ದ ಗೆಳೆಯರು ಗೋಡೆಯ ಮೇಲೂ ಒಟ್ಟಿಗೇ ಇರುತ್ತಾರೆ. ಇದನ್ನು ಕಂಡ ಮೇಲೆ ಯೋಧರು ಒಪ್ಪಿದರು. 1959ರಿಂದ ಮೊದಲಾದ ಹೆಸರುಗಳು ಗೋಡೆಗಳು ಕೂಡುವಲ್ಲಿಂದ ಹೊರಟು ಪೂರ್ವದ ತುದಿಯವರೆಗೆ ಸಾಗಿ, ಮತ್ತೆ ಪಶ್ಚಿಮದ ತುದಿಯಿಂದ ಮೊದಲಾಗಿ 1975ರಲ್ಲಿ ಅದೇ ಬಿಂದುವಿಗೆ ಮರಳುತ್ತವೆ. ಮೊದಲು ಮಡಿದವನೂ ಕೊನೆಯವನೂ ಅಕ್ಕಪಕ್ಕದಲ್ಲಿ ನಿಲ್ಲುತ್ತಾರೆ. 58 ಸಾವಿರಕ್ಕೂ ಹೆಚ್ಚು ಹೆಸರುಗಳು.

ಕನ್ನಡಿಗರಿಗೆ ಈ ಕಥೆಯಲ್ಲಿ ಒಂದು ಸಂಬಂಧವೂ ಉಂಟು. ಹೆಸರನ್ನು ಓದುವವನ ಮುಖ ಕಲ್ಲಿನಲ್ಲಿ ಕನ್ನಡಿಯಂತೆ ಮೂಡಬೇಕೆಂಬುದು ವಿನ್ಯಾಸದ ಒಳಗುಟ್ಟು. ಅಷ್ಟು ಹೊಳಪು ತಾಳುವ ಕಪ್ಪು ಗ್ರಾನೈಟನ್ನು ತರಿಸಿದ್ದು ಬೆಂಗಳೂರಿನ ಕಡೆಯಿಂದ. ಇಲ್ಲಿಂದ ಹಡಗಿನಲ್ಲಿ ಹೋದ ಶಿಲೆಯನ್ನು ವರ್ಮಾಂಟ್ ಸಂಸ್ಥಾನದ ಬ್ಯಾರಿ ಪಟ್ಟಣದಲ್ಲಿ ಕೊಯ್ದು, ಟೆನೆಸ್ಸಿಯ ಮೆಂಫಿಸ್ ನಗರದಲ್ಲಿ ಅದರ ಮೇಲೆ ಅಕ್ಷರಗಳನ್ನು ಕೊರೆದರು. ಒಂದೊಂದು ಗೋಡೆಯ ಉದ್ದ ಸುಮಾರು 247 ಅಡಿ. ಕೂಡುವಲ್ಲಿ ಎತ್ತರ ಹತ್ತು ಅಡಿಗೆ ಮಿಕ್ಕು, ತುದಿಯಲ್ಲಿ ಎಂಟೇ ಅಂಗುಲ. ವೃತ್ತಿಪರವಾನಗಿ ಇಲ್ಲದ ವಿದ್ಯಾರ್ಥಿನಿಯ ವಿನ್ಯಾಸವನ್ನು ಕಟ್ಟಡವಾಗಿ ಮಾರ್ಪಡಿಸಲು ಕೂಪರ್–ಲೆಕಿ ಎಂಬ ವಾಸ್ತುಶಿಲ್ಪ ಸಂಸ್ಥೆಯನ್ನು ಗೊತ್ತುಪಡಿಸಲಾಗಿತ್ತು. 1982ರ ಮಾರ್ಚ್ 26ರಂದು ಅಗೆತ ಆರಂಭವಾಗಿ, ನವೆಂಬರ್ 13ರಂದು ಸ್ಮಾರಕ ಲೋಕಾರ್ಪಣೆಗೊಂಡಿತು. ಜನ ಬಂದು ಗೋಡೆಯನ್ನು ಮುಟ್ಟಿದರು, ಕಾಗದವಿಟ್ಟು ಸೀಸದ ಕಡ್ಡಿಯಿಂದ ಉಜ್ಜಿ ಹೆಸರುಗಳನ್ನು ತೆಗೆದುಕೊಂಡು ಹೋದರು, ಹೂವು ಪತ್ರಗಳನ್ನು ಇಟ್ಟರು. ವಿರೋಧದ ಕಾವು ಬಹುಮಟ್ಟಿಗೆ ಆರಿಹೋಯಿತು.

ಗೆದ್ದ ವಿನ್ಯಾಸವನ್ನು ಕಟ್ಟುವವರು ಯಾರು, ಕಟ್ಟಲು ಸಾಧ್ಯವೇ ಎಂಬುದನ್ನು ಮೊದಲೇ ವಿಚಾರಿಸದಿದ್ದರೆ ಒದಗುವ ಫಜೀತಿಗೆ ಆಸ್ಟ್ರೇಲಿಯದ ಸಿಡ್ನಿ ಸಂಗೀತ ರಂಗಮಂದಿರ ನಿದರ್ಶನ. ಅಲ್ಲಿ 233 ವಿನ್ಯಾಸಗಳಲ್ಲಿ ಡೆನ್ಮಾರ್ಕಿನ ಯೋರ್ನ್ ಉಟ್ಸಾನ್ ಅವರದು 1957ರ ಜನವರಿಯಲ್ಲಿ ಆಯ್ಕೆಯಾಯಿತು. ಚಿತ್ರಗಳು ಸ್ಥೂಲವಾಗಿದ್ದವು, ಹಾಯಿಗಳಂತಹ ಆ ಛಾವಣಿಗಳನ್ನು ನಿಲ್ಲಿಸುವ ಬಗೆ ಯಾರಿಗೂ ತಿಳಿದಿರಲಿಲ್ಲ. ಅದು ಬಗೆಹರಿಯುವ ಮುನ್ನವೇ 1959ರಲ್ಲಿ ಕೆಲಸ ಹಚ್ಚಿದರು. ಸರ್ಕಾರದೊಡನೆ ವಿರಸ ಬೆಳೆದು 1966ರಲ್ಲಿ ಉಟ್ಸಾನ್ ರಾಜೀನಾಮೆಯಿತ್ತು ಹೊರಟುಹೋದರು. 70 ಲಕ್ಷ ಡಾಲರುಗಳ ಅಂದಾಜು 10 ಕೋಟಿ 20 ಲಕ್ಷಕ್ಕೆ ಏರಿ, ಮಂದಿರವು 1973ರ ಅಕ್ಟೋಬರಿನಲ್ಲಿ ತೆರೆಯಿತು. ಇಂದು ಅದು ವಿಶ್ವಪರಂಪರೆಯ ತಾಣ. ಹಾಗೆಂದು ಸಣ್ಣ ಸಮಿತಿಯೊಂದು ಇದನ್ನು ಮಾದರಿಯಾಗಿ ಇಟ್ಟುಕೊಳ್ಳಬಾರದು. ಹದಿನಾಲ್ಕು ಪಟ್ಟು ಖರ್ಚನ್ನು ತಾಳುವ ಬೊಕ್ಕಸ ಎಲ್ಲರಿಗೂ ಇರುವುದಿಲ್ಲ.

ಭಾರತದಲ್ಲಿ ನಡೆದ ಸಾರ್ವಜನಿಕ ವಿನ್ಯಾಸ ಸ್ಪರ್ಧೆಗಳಲ್ಲಿ ಮನೆಮನೆಗೂ ಮುಟ್ಟಿದ್ದೆಂದರೆ ರೂಪಾಯಿಯ ಚಿಹ್ನೆಯದು. 2009ರ ಮಾರ್ಚ್ ತಿಂಗಳಲ್ಲಿ ಹಣಕಾಸು ಸಚಿವಾಲಯ ಪ್ರಕಟಣೆ ಹೊರಡಿಸಿತು. ಮೂರು ಸಾವಿರಕ್ಕೂ ಹೆಚ್ಚು ನಮೂನೆಗಳು ಬಂದವು. ಐದನ್ನು ಅಂತಿಮ ಸುತ್ತಿಗೆ ಆರಿಸಲಾಯಿತು. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಡಿ. ಉದಯಕುಮಾರ್ ಅವರ ಚಿಹ್ನೆಯನ್ನು ಕೇಂದ್ರ ಸಚಿವ ಸಂಪುಟವು 2010ರ ಜುಲೈ 15ರಂದು ಅಂಗೀಕರಿಸಿತು. ಬಹುಮಾನದ ಮೊತ್ತ ಎರಡೂವರೆ ಲಕ್ಷ ರೂಪಾಯಿ. ದೇವನಾಗರಿಯ ರಕಾರವನ್ನೂ ರೋಮನ್ ಲಿಪಿಯ ಆರ್ ಅಕ್ಷರವನ್ನೂ ಬೆಸೆದ ಆ ರೂಪ ಅದೇ ವರ್ಷ ಯುನಿಕೋಡ್ ಸಂಕೇತಾವಳಿಗೂ, ಮರುವರ್ಷ ನಾಣ್ಯಗಳ ಮೇಲೂ ಬಂದಿತು. ಫಲ ಒಳ್ಳೆಯದೇ. ಆದರೆ ಆಯ್ಕೆಯ ಕ್ರಮದಲ್ಲಿ ಲೋಪಗಳಿವೆಯೆಂದು ಸ್ಪರ್ಧಾಳುವೊಬ್ಬರು ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಏಕಸದಸ್ಯ ಪೀಠವು 2010ರ ನವೆಂಬರಿನಲ್ಲಿ ಅರ್ಜಿಯನ್ನು ವಜಾ ಮಾಡಿತಾದರೂ, ವಿಷಯ ವಿಭಾಗೀಯ ಪೀಠದ ಮುಂದೆ ಬಂದ ಮೇಲೆ, ಇಂತಹ ಸ್ಪರ್ಧೆಗಳನ್ನು ನಡೆಸುವ ಬಗೆಗೆ ಸಚಿವಾಲಯವು ಮಾರ್ಗಸೂಚಿಗಳನ್ನು ರೂಪಿಸಿತು. ಸ್ಪರ್ಧೆಗೆ ಮುನ್ನ ಬರೆಯಬೇಕಾದ ನಿಯಮಗಳನ್ನು ಸ್ಪರ್ಧೆ ಮುಗಿದ ಮೇಲೆ ಬರೆದಂತಾಯಿತು!

ಶಾಲೆಯೊಂದರ, ಸಂಘವೊಂದರ ಸ್ಪರ್ಧೆ ಇಷ್ಟು ದೊಡ್ಡದಾಗಿರಬೇಕಿಲ್ಲ. ಆದರೂ ಅನೇಕರು ನಿರ್ಲಕ್ಷಿಸುವ ಒಂದು ಸಂಗತಿಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಗೆದ್ದ ಒಂದು ವಿನ್ಯಾಸದ ಹಕ್ಕು ಸಂಸ್ಥೆಗೆ ಸೇರುವುದು ನ್ಯಾಯ. ಬಹುಮಾನ ಅದರ ಬೆಲೆ. ಆದರೆ ಬಂದ ನಮೂನೆಗಳೆಲ್ಲದರ ಹಕ್ಕೂ ತನ್ನದೇ ಎಂದು ಪ್ರಕಟಣೆಯ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚುಮಾಡಿಸುವ ವಾಡಿಕೆ ಬೆಳೆದಿದೆ. ನೂರು ಜನರ ದುಡಿಮೆಯನ್ನು ಒಬ್ಬನ ಕೂಲಿಗೆ ಪಡೆದಂತಾಗುವ ಈ ವಾಡಿಕೆಯನ್ನು ಬಿಡುವುದು ಲೇಸು. ಸೋತವರ ನಮೂನೆಗಳನ್ನು ಹಿಂದಿರುಗಿಸಬೇಕು, ಇಲ್ಲವೆ ಅವರ ಹೆಸರಿನೊಡನೆ ಪ್ರದರ್ಶಿಸಬೇಕು.

ವಾಷಿಂಗ್ಟನ್ನಿನ ಆ 1,421 ವಿನ್ಯಾಸಗಳ ದಾಖಲೆಗಳನ್ನು ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದಲ್ಲಿ ಜೋಪಾನವಾಗಿ ಇರಿಸಲಾಗಿದೆ. 1026ನೆಯ ಸಂಖ್ಯೆಯ ಮಸುಕು ಚಿತ್ರವೂ ಕೈಬರಹದ ಪುಟವೂ ಅಲ್ಲಿಯೇ ಇವೆ; ಅದರ ಹಿಂದಿನ, ಮುಂದಿನ ಸಂಖ್ಯೆಯವೂ ಅಲ್ಲಿವೆ.